ಬಂದವರ ಪಟ್ಟಿ

ನನಗೆ ಸಿಟ್ಟು ಬೇಗ ಬರುತ್ತದೆ. ಇದು ನಾನು ಹೇಳುವುದಲ್ಲ, ನನ್ನ ಹತ್ತಿರ ಗಣಿತ ಕಲಿತವರೆಲ್ಲ ಹೇಳುವುದು. ಜಯನಗರದ ಕಾಲೇಜೊಂದರಲ್ಲಿ ಇಪ್ಪತ್ತೆಂಟು ವರ್ಷ ಪಾಠ ಮಾಡಿ ನಿವೃತ್ತಳಾದೆ. ಅಷ್ಟೂ ವರ್ಷಗಳ ಸಿಟ್ಟನ್ನು ಒಟ್ಟು ಹಾಕಿದರೂ ಕಳೆದ ವರ್ಷ ಬಂದ ಸಿಟ್ಟಿನ ಕಾಲುಭಾಗವಾಗಲಿಕ್ಕಿಲ್ಲ. ಅಷ್ಟು ಸಿಟ್ಟು ಬಂದಾಗ ಮಂಗಳಾರತಿ ಎತ್ತಲು ಎದುರಿಗೆ ಒಬ್ಬ ಮನುಷ್ಯನೂ ಇರಲಿಲ್ಲ. ಅದು ಇನ್ನೂ ಉರಿಯುತ್ತದೆ.

ಇದೆಲ್ಲ ಶುರುವಾದದ್ದು ದೊಡ್ಡಮ್ಮನಿಂದ. ನನ್ನ ಅಮ್ಮನ ಅಕ್ಕ. ಎಂಬತ್ತು ದಾಟಿದ್ದಾರೆ, ಬನಶಂಕರಿ ಮೂರನೇ ಹಂತದಲ್ಲಿ ಇಟ್ಟಮಡುವಿನ ಕಡೆಗಿರುವ ನಮ್ಮ ಮನೆಯಲ್ಲಿ ನನ್ನ ಜೊತೆಗಿದ್ದಾರೆ. ಒಂದು ಕಾಲದಲ್ಲಿ ನಮ್ಮ ಬಳಗದಲ್ಲಿ ಯಾರ ಮನೆಯ ಮದುವೆಯಾದರೂ ಹಾಡಿಗೆ ಅವರೇ ಬೇಕಿತ್ತು. ಎಣ್ಣೆ ಹಚ್ಚುವಾಗ ಒಂದು ಹಾಡು, ಹಸೆಗೆ ಕರೆಯುವಾಗ ಒಂದು, ಉರುಟಣೆಗೆ ಒಂದು, ಆರತಿಗೆ ಒಂದು. ಬೀಗರನ್ನು ಗೋಳು ಹೊಯ್ದುಕೊಳ್ಳಲು ಒಂದಲ್ಲ, ಹತ್ತು. ಮೈಕಿಲ್ಲದೆ ಛತ್ರದ ಅಡುಗೆಮನೆಗೂ ಕೇಳುವ ಗಂಟಲು ಅವರದು.

ದೊಡ್ಡಪ್ಪ ತೀರಿಕೊಂಡರು, ಕರೆಯುವವರು ನಿಂತರು. ಯಾರೂ ಎದುರಿಗೆ ಏನೂ ಹೇಳಲಿಲ್ಲ. ಹಸೆ ಹಾಡನ್ನು ಮುತ್ತೈದೆಯರೇ ಹೇಳಬೇಕಲ್ಲವೇ ಎಂದು ಅವರವರಲ್ಲೇ ಮಾತಾಡಿಕೊಂಡರು, ಅಷ್ಟೆ. ಕುಂಕುಮದ ಬಟ್ಟಲು ಹಿಡಿದುಕೊಂಡು ಬರುವವಳು ದೊಡ್ಡಮ್ಮನ ಕುರ್ಚಿಯ ಹತ್ತಿರ ಮಾತ್ರ ಕಾಲು ಚುರುಕು ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಮದುವೆಯಲ್ಲಿ ಎದ್ದು ಜಗಳಕ್ಕೆ ನಿಂತೆ. ದೊಡ್ಡಮ್ಮ ನನ್ನ ಸೆರಗು ಜಗ್ಗಿ ಕೂರಿಸಿದರು. ಮನೆಗೆ ಬಂದ ಮೇಲೆ, ಊಟ ಚೆನ್ನಾಗಿತ್ತು ಎಂದರು.

ವೆಬ್‌ಸೈಟ್ ಮಾಡಿದ್ದು ಆ ಸಿಟ್ಟಿನಲ್ಲೇ. ನಿವೃತ್ತಿಯಾದ ಮೇಲೆ ಕೈಯಲ್ಲಿ ಹೊತ್ತಿತ್ತು, ನಾನೇ ಕೂತು ಕಲಿತೆ. ಬೆಳಿಗ್ಗೆ ಆರೂವರೆಗೆ ದೊಡ್ಡಮ್ಮ ಸ್ನಾನ ಮುಗಿಸಿ ಊಟದ ಮೇಜಿನ ಮುಂದೆ ಕೂರುತ್ತಿದ್ದರು. ಅವಲಕ್ಕಿ ಡಬ್ಬಿಗೆ ಫೋನು ಒರಗಿಸಿಡುತ್ತಿದ್ದೆ. ಏಳಕ್ಕೆ ಕಸದ ಆಟೋ ತನ್ನ ಹಾಡು ಹಾಕಿಕೊಂಡು ಬರುವುದರೊಳಗೆ ದೊಡ್ಡಮ್ಮನ ಹಾಡು ಮುಗಿಯಬೇಕು. ಆಮೇಲೆ ಸಾಹಿತ್ಯವನ್ನು ಟೈಪ್ ಮಾಡಿ, ಹಾಡಿಗೊಂದು ಸಂಖ್ಯೆ ಕೊಟ್ಟು, ಪುಟಕ್ಕೆ ಏರಿಸುತ್ತಿದ್ದೆ. ಮೊದಲನೇ ಹಾಡಿನ ಪುಟದ ವಿಳಾಸ ಒಂದರಲ್ಲಿ ಮುಗಿಯುತ್ತದೆ, ಎರಡನೆಯದು ಎರಡರಲ್ಲಿ. ಗಣಿತದ ಮೇಷ್ಟ್ರಿಗೆ ಇನ್ನೇನು ಹೊಳೆದೀತು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದು ಎಂಬತ್ತಮೂರು ಹಾಡು. ಬರೆಯದೆ ತಲೆಯಲ್ಲೇ ಇರುವುದು ಇನ್ನೂ ನಲವತ್ತಾದರೂ ಇರಬಹುದು ಎಂದು ಅವರೇ ಹೇಳಿದ್ದರು.

ಮೊದಲ ವಾರ ಅವರು ಕೇಳಿದ ಪ್ರಶ್ನೆ ಒಂದೇ. ಯಾರು ಬಂದಿದ್ದರು, ಎಲ್ಲಿಂದ ಬಂದಿದ್ದರು?

ಆ ಪ್ರಶ್ನೆಯ ಹಿಂದೆ ಒಂದು ಪದ್ಧತಿ ಇದೆ. ದಸರೆಯಲ್ಲಿ ಗೊಂಬೆ ಕೂರಿಸುತ್ತಿದ್ದ ದಿನಗಳಲ್ಲಿ ದೊಡ್ಡಮ್ಮ ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ಪುಸ್ತಕ ಇಡುತ್ತಿದ್ದರು. ಅರಿಶಿನ ಕುಂಕುಮಕ್ಕೆ ಯಾರು ಬಂದರು, ಯಾವ ಬೀದಿಯವರು ಎಂದು ಅದರಲ್ಲಿ ಬರೆಯುವುದು. ಹಬ್ಬ ಮುಗಿಯುವುದರೊಳಗೆ ಅವರೆಲ್ಲರ ಮನೆಗೂ ನಾವು ಹೋಗಿ ಬರಬೇಕು. ಬಂದವರ ಮನೆಗೆ ಹೋಗದಿರುವುದು, ಬಂದವರನ್ನು ಬರಿಗೈಯಲ್ಲಿ ಕಳಿಸುವುದು, ಇವೆರಡು ತಪ್ಪುಗಳಿಗೆ ದೊಡ್ಡಮ್ಮನ ಹತ್ತಿರ ಕ್ಷಮೆಯೇ ಇಲ್ಲ.

ವೆಬ್‌ಸೈಟಿಗೂ ಅಂಥದೊಂದು ಪುಸ್ತಕ ಇರುತ್ತದೆ ಎಂದು ತಿಳಿದಾಗ ನನಗಾದ ಸಂತೋಷವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ನಮ್ಮ ಪುಟವನ್ನು ಯಾರು ತೆರೆದರೂ ಸರ್ವರ್ ಒಂದು ಕಡತದಲ್ಲಿ ಒಂದು ಸಾಲು ಬರೆದಿಡುತ್ತದೆ. ಅದಕ್ಕೆ ಲಾಗ್ ಎನ್ನುತ್ತಾರೆ. ಎಷ್ಟು ಹೊತ್ತಿಗೆ ಬಂದರು, ಯಾವ ಪುಟ ಕೇಳಿದರು, ಅದು ಸಿಕ್ಕಿತೋ ಇಲ್ಲವೋ ಎಲ್ಲ ಅದರಲ್ಲಿರುತ್ತದೆ. ಬೇರೊಂದು ವೆಬ್‌ಸೈಟಿನಲ್ಲಿ ನಮ್ಮ ಲಿಂಕ್ ನೋಡಿ ಅದನ್ನು ಒತ್ತಿ ಬಂದಿದ್ದರೆ ಆ ವೆಬ್‌ಸೈಟಿನ ವಿಳಾಸವೂ ಇರುತ್ತದೆ. ಎಲ್ಲಿಂದ ಬಂದರು ಎಂಬ ಪ್ರಶ್ನೆಗೆ ನೇರ ಉತ್ತರ. ನಾನು ಒಂದು ಚಿಕ್ಕ ಪ್ರೋಗ್ರಾಂ ಬರೆದು ಆ ವಿಳಾಸಗಳನ್ನೆಲ್ಲ ಹೆಕ್ಕಿ, ಮುಖಪುಟದ ಕೆಳಗೆ ‘ನಿನ್ನೆ ಬಂದವರು’ ಎಂಬ ಪಟ್ಟಿ ತಾನಾಗಿಯೇ ಕಾಣುವ ಹಾಗೆ ಮಾಡಿದೆ. ದೊಡ್ಡಮ್ಮ ಅಷ್ಟಕ್ಕೆ ಒಪ್ಪಲಿಲ್ಲ. ಅವರ ಮನೆಗೆ ನಾವು ಹೋಗುವುದು ಹೇಗೆ ಎಂದರು. ಸರಿ, ಪಟ್ಟಿಯ ಪ್ರತಿ ವಿಳಾಸಕ್ಕೂ ಲಿಂಕ್ ಕೊಟ್ಟೆ. ಒತ್ತಿದರೆ ಅವರ ಮನೆ.

ಯಾವ ವಿಳಾಸವೂ ಇಲ್ಲದ ಸಾಲುಗಳೂ ಲಾಗಿನಲ್ಲಿ ಇದ್ದವು. ಎಲ್ಲಿಂದ ಎಂಬ ಜಾಗದಲ್ಲಿ ಬರೀ ಒಂದು ಅಡ್ಡಗೆರೆ. ಎಲ್ಲಿಂದ ಬಂದೆವು ಎಂದು ಹೇಳದವರನ್ನು ಪಟ್ಟಿಗೆ ಸೇರಿಸುವುದು ಹೇಗೆ? ಆ ಸಾಲುಗಳನ್ನು ಎಣಿಕೆಯಿಂದ ಬಿಟ್ಟುಬಿಡುವಂತೆ ಪ್ರೋಗ್ರಾಮಿಗೆ ನಾನೇ ಹೇಳಿದೆ.

ಮೊದಲು ದಿನಕ್ಕೆ ಇಬ್ಬರು ಮೂವರು ಬರುತ್ತಿದ್ದರು. ಒಂದು ತಿಂಗಳಲ್ಲಿ ಮೂವತ್ತಾಯಿತು, ಆಮೇಲೆ ನೂರು ದಾಟಿತು. ಒಂದು ದಿನ ಇನ್ನೂರ ಹನ್ನೊಂದು. ವಿಳಾಸಗಳು ವಿಚಿತ್ರವಾಗಿದ್ದವು, ಎಲ್ಲ ದೂರದೂರದ ದೇಶದವು. ಕೆಲವನ್ನು ಒತ್ತಿ ನೋಡಿದೆ. ಒಂದರಲ್ಲಿ ಏನೋ ಮಾರಾಟವಿತ್ತು, ಎರಡು ತೆರೆಯಲೇ ಇಲ್ಲ. ಬೀಗ ಹಾಕಿದ್ದರೆ ಇನ್ನೊಂದು ದಿನ ಹೋಗೋಣ ಎಂದರು ದೊಡ್ಡಮ್ಮ. ಯಾವುದೋ ಮೂಲೆಯಲ್ಲಿ ಯಾರೋ ಕನ್ನಡದವರು ನಮ್ಮ ಲಿಂಕ್ ಹಾಕಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಲೆಕ್ಕದಲ್ಲಿ ಒಂದು ಹೆಜ್ಜೆ ಹಾರಿಸಿದ ಮಕ್ಕಳಿಗೆ ಸೊನ್ನೆ ಹಾಕಿದವಳು ನಾನು. ಇಲ್ಲಿ ಎಲ್ಲ ಹೆಜ್ಜೆಗಳನ್ನೂ ಹಾರಿಸಿದೆ, ಯಾಕೆಂದರೆ ಬಂದ ಉತ್ತರ ನನಗೆ ಇಷ್ಟವಾಗಿತ್ತು.

ದೊಡ್ಡಮ್ಮ ಚಿಗುರಿದರು. ಇನ್ನೂರು ಜನ ಬರುವಾಗ ದಿನಕ್ಕೊಂದೇ ಹಾಡು ಏನು ಚೆಂದ ಎಂದು ಎರಡು ಹಾಡತೊಡಗಿದರು. ಗಂಟಲು ಕಟ್ಟಿತು. ಡಾಕ್ಟರು ಒಂದು ತಿಂಗಳು ಹಾಡಬೇಡಿ, ಮಾತೂ ಕಡಿಮೆ ಮಾಡಿ ಎಂದರು. ಮೆಣಸಿನ ಕಷಾಯ ಕುಡಿದುಕೊಂಡು ಹಾಡಿದರು. ನಾನು ತಡೆಯಬೇಕಿತ್ತು. ಒಂದೆರಡು ಸಲ ತಡೆದೆ ಕೂಡ. ಆಗ ಅವರು ಒಂದೇ ಮಾತು ಹೇಳಿದರು.

“ಇಷ್ಟು ವರ್ಷ ಆದ್ಮೇಲೆ ಜನ ಬರ್ತಿದ್ದಾರೆ ಕಣೇ. ಈಗ ಬೇಡ ಅನ್ಲಾ?”

ಮರುದಿನ ಬೆಳಿಗ್ಗೆ ಫೋನನ್ನು ಅವಲಕ್ಕಿ ಡಬ್ಬಿಗೆ ಒರಗಿಸಿಟ್ಟದ್ದು ಇದೇ ಕೈ.

ಬಿಳೇಕಹಳ್ಳಿಯಿಂದ ಅತ್ತಿಗೆ ಫೋನ್ ಮಾಡಿದ್ದು ಒಂದು ಭಾನುವಾರ ಮಧ್ಯಾಹ್ನ. ಆವತ್ತು ಅವರ ಮಗಳ ನಿಶ್ಚಿತಾರ್ಥದ ಮಾತುಕತೆಗೆ ಗಂಡಿನ ಕಡೆಯವರು ಬಂದಿದ್ದರು. ಬೀಗರ ಹಾಡು ಕೇಳಿಸೋಣ ಎಂದು ಅತ್ತಿಗೆ ನಮ್ಮ ಪುಟವನ್ನು ದೊಡ್ಡ ಟೀವಿಯಲ್ಲಿ ತೆರೆದಿದ್ದರಂತೆ. ಹಾಡು ಮುಗಿಯಿತು, ಎಲ್ಲರೂ ನಕ್ಕರು, ಬೀಗಿತ್ತಿಗೂ ಇಷ್ಟವಾಯಿತು. ದೇಶ ವಿದೇಶದಿಂದ ಬಂದು ಕೇಳುತ್ತಾರೆ ನೋಡಿ ಎಂದು ತೋರಿಸಲು ಅತ್ತಿಗೆ ಕೆಳಗಿನ ಪಟ್ಟಿಯಲ್ಲಿ ಒಂದನ್ನು ಒತ್ತಿದರು.

“ಬಟ್ಟೆ ಇಲ್ದಿರೋ ಹೆಂಗಸರು,” ಎಂದರು ಅತ್ತಿಗೆ. “ಐವತ್ತೈದು ಇಂಚಿನ ಟೀವೀಲಿ. ಬೀಗರ ಮುಂದೆ. ರಿಮೋಟ್ ಕೆಲ್ಸ ಮಾಡ್ಲಿಲ್ಲ, ಕೊನೆಗೆ ವೈರೇ ಕಿತ್ತೆ. ದೊಡ್ಡಮ್ಮನ ಹೆಸರಲ್ಲಿ ಏನು ನಡೆಸ್ತಿದ್ದೀಯ ನೀನು?”

ಎಷ್ಟು ಕ್ಷಮೆ ಕೇಳಿದರೂ ಸಾಲಲಿಲ್ಲ. ಪಟ್ಟಿಯ ಮುಂದೆ ಕೂತು ಒಂದೊಂದನ್ನೇ ಒತ್ತಿದೆ. ಜೂಜು, ಗುಳಿಗೆ, ಬೆತ್ತಲೆ ಚಿತ್ರ, ನಿಮ್ಮ ವೆಬ್‌ಸೈಟಿಗೆ ಜನ ತರಿಸುತ್ತೇವೆ ಎಂಬ ಜಾಹೀರಾತು, ಮತ್ತೆ ಜೂಜು. ಇನ್ನೂರರಲ್ಲಿ ಒಂದೇ ಒಂದು ಕಡೆಯೂ ದೊಡ್ಡಮ್ಮನ ಹಾಡಿನ ಸುದ್ದಿ ಇರಲಿಲ್ಲ.

ಸುದ್ದಗುಂಟೆಪಾಳ್ಯದಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರಿದ್ದಾರೆ, ನಮ್ಮ ಕಾಲೇಜಿನಲ್ಲೇ ಕಂಪ್ಯೂಟರ್ ಪಾಠ ಮಾಡುತ್ತಿದ್ದವರು. ಮರುದಿನ ಲ್ಯಾಪ್‌ಟಾಪ್ ಹೊತ್ತುಕೊಂಡು ಅವರ ಮನೆಗೆ ಹೋದೆ. ಅವರು ಲಾಗ್ ತೆರೆದು ಐದು ನಿಮಿಷ ನೋಡಿದರು. ಕನ್ನಡಕ ತೆಗೆದರು.

“ಮೇಡಂ, ಇವರ್ಯಾರೂ ಮನುಷ್ಯರಲ್ಲ.”

ಇದಕ್ಕೆ ರೆಫರರ್ ಸ್ಪ್ಯಾಮ್ ಎನ್ನುತ್ತಾರಂತೆ. ಎಲ್ಲಿಂದ ಬಂದೆ ಎಂದು ಬಂದವನು ಹೇಳಿದ್ದನ್ನು ಸರ್ವರ್ ಹಾಗೆಯೇ ಬರೆದುಕೊಳ್ಳುತ್ತದೆ, ನಿಜವೋ ಸುಳ್ಳೋ ನೋಡುವುದಿಲ್ಲ. ಯಾರೋ ಒಂದು ಯಂತ್ರವನ್ನು ಬಿಟ್ಟಿರುತ್ತಾರೆ. ಅದು ಜಗತ್ತಿನ ಲಕ್ಷಾಂತರ ವೆಬ್‌ಸೈಟುಗಳ ಬಾಗಿಲು ತಟ್ಟಿ, ನಾನು ಇಂಥ ಜೂಜುಕಟ್ಟೆಯಿಂದ ಬಂದೆ ಎಂದು ಸುಳ್ಳು ಹೇಳಿ ಹೋಗುತ್ತದೆ. ಒಳಗೆ ಕಾಲಿಡುವುದೂ ಇಲ್ಲ, ಹಾಡು ಕೇಳುವುದೂ ಇಲ್ಲ. ವೆಬ್‌ಸೈಟಿನ ಯಜಮಾನ ಕುತೂಹಲದಿಂದ ಆ ವಿಳಾಸ ಒತ್ತಲಿ ಎಂಬುದು ಒಂದು ಆಸೆ. ನನ್ನಂಥ ಮೂರ್ಖಳು ಎಲ್ಲೋ ಒಬ್ಬಳು ಬಂದವರ ಪಟ್ಟಿಯನ್ನೇ ಪ್ರಕಟಿಸಿ, ಲಿಂಕ್ ಬೇರೆ ಕೊಟ್ಟಿರುತ್ತಾಳೆ ಎಂಬುದು ಅದಕ್ಕಿಂತ ದೊಡ್ಡ ಆಸೆ. ಪುಕ್ಕಟೆ ಜಾಹೀರಾತು. ಪಟ್ಟಿ ಪ್ರಕಟಿಸುವವರು ಸಿಕ್ಕರೆ ಅವರಿಗೆ ಹಬ್ಬ, ಅದಕ್ಕೇ ನಿಮ್ಮಲ್ಲಿ ಇಷ್ಟೊಂದು ಬಂದಿದ್ದಾರೆ ಎಂದರು.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಆಟೋದವನು ತಪ್ಪು ತಿರುವು ತೆಗೆದುಕೊಂಡ ಎಂದು ಅವನಿಗೆ ಬೈದೆ. ಅವನು ತೆಗೆದುಕೊಂಡಿದ್ದು ಸರಿಯಾದ ತಿರುವೇ.

ಕಳ್ಳನ ಮೇಲೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಕಳ್ಳನಿಗೆ ನಮ್ಮ ಮನೆ ಯಾವುದು, ಒಳಗೆ ಏನಿದೆ ಎಂಬುದಾದರೂ ಗೊತ್ತಿರುತ್ತದೆ. ಈ ದರಿದ್ರದವರಿಗೆ ನಾವು ಇದ್ದೇವೆ ಎಂದೂ ಗೊತ್ತಿಲ್ಲ. ಒಬ್ಬ ಮುದುಕಿ ಬೆಳಿಗ್ಗೆ ಎದ್ದು, ಕಟ್ಟಿದ ಗಂಟಲನ್ನು ಕಷಾಯದಿಂದ ಸರಿ ಮಾಡಿಕೊಂಡು, ಬಂದವರಿಗಾಗಿ ಹಾಡುತ್ತಾಳೆ ಎಂದು ಅವರಿಗೆ ಗೊತ್ತಿಲ್ಲ. ಗೊತ್ತಾದರೂ ಬಿಡುತ್ತಿರಲಿಲ್ಲ. ಮೊದಲು ನಮ್ಮ ಸಂಪ್ರದಾಯದವರು ಅವಳ ಕುರ್ಚಿ ದಾಟಿ ಹೋದರು. ಈಗ ಇವರು ಇಲ್ಲದ ಜನರನ್ನು ಕಳಿಸಿ ಅವಳ ಗಂಟಲು ತಿಂದರು. ಯಾರು ಹೆಚ್ಚು ಕೆಟ್ಟವರು ಎಂದು ತೀರ್ಮಾನಿಸಲು ನನಗೆ ಇವತ್ತಿಗೂ ಆಗಿಲ್ಲ.

ಪಟ್ಟಿ ಕಿತ್ತು ಹಾಕಿದೆ. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಈ ವಿಳಾಸ ಹೇಳಿಕೊಂಡು ಬಂದರೆ ಒಳಗೆ ಬಿಡಬೇಡ ಎಂದು ಸರ್ವರಿಗೆ ಒಂದೊಂದಾಗಿ ಕಲಿಸುತ್ತ ಕೂತೆ. ಇವತ್ತು ಇಪ್ಪತ್ತನ್ನು ತಡೆದರೆ ನಾಳೆ ಹೆಸರು ಬದಲಿಸಿಕೊಂಡು ಮೂವತ್ತು ಬರುತ್ತಿದ್ದವು. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸವೇ, ಆದರೆ ಮೊರದಲ್ಲಿ ಅಕ್ಕಿ ಎಲ್ಲಿದೆ? ಮೂರನೆಯ ದಿನ ಬೆಳಿಗ್ಗೆ ಹಾಗೆ ಕುದಿಯುತ್ತ ಕೂತಿದ್ದಾಗ ದೊಡ್ಡಮ್ಮ ಕಷಾಯದ ಲೋಟ ಹಿಡಿದು ಬಂದರು. ನಿನ್ನೆ ಎಷ್ಟು ಜನ ಎಂದು ಕೇಳಿದರು.

“ಯಾರೂ ಇಲ್ಲ ದೊಡ್ಡಮ್ಮ,” ಎಂದೆ. “ನಿನ್ನೆನೂ ಇಲ್ಲ, ಮೊನ್ನೆನೂ ಇಲ್ಲ. ಮೊದಲಿಂದ ಯಾರೂ ಬಂದೇ ಇಲ್ಲ. ಎಲ್ಲಾ ಯಂತ್ರ.”

ಹೇಳಬೇಕಾದದ್ದು ಹಾಗಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಹೇಳಬಹುದಿತ್ತು. ಯಾರ ಮೇಲಿನದೋ ಸಿಟ್ಟನ್ನು ಮನೆಯವರ ಮೇಲೆ ತೀರಿಸಿಕೊಳ್ಳುವುದು ನನ್ನ ಹಳೆಯ ಚಾಳಿ. ದೊಡ್ಡಮ್ಮ ಮೇಜಿನ ಮೇಲಿದ್ದ ಅವಲಕ್ಕಿ ಡಬ್ಬಿಯನ್ನು ಸೆರಗಿನಿಂದ ಒರೆಸಿ, ಅಡುಗೆಮನೆಯ ಶೆಲ್ಫಿಗೆ ತೆಗೆದುಕೊಂಡು ಹೋಗಿ ಇಟ್ಟರು.

ಮರುದಿನ ಆರೂವರೆಗೆ ಅವರು ಬಂದು ಕೂರಲಿಲ್ಲ. ಅದರ ಮರುದಿನವೂ ಇಲ್ಲ. ಡಾಕ್ಟರು ಹಾಡಬೇಡಿ ಅಂದಿದ್ದಾರಲ್ಲ ಎಂದರು. ನೋಟ್‌ಬುಕ್ಕಿನ ಎಂಬತ್ತಮೂರೂ ಆಗಿವೆ, ಅಷ್ಟು ಸಾಕು ಎಂದರು. ತಲೆಯಲ್ಲಿರುವ ನಲವತ್ತರ ಮಾತೆತ್ತಿದೆ. ಅವೆಲ್ಲ ಮರೆತುಹೋಗಿವೆ ಎಂದರು. ಸುಳ್ಳೆಂದು ನನಗೆ ಗೊತ್ತಿತ್ತು. ಆದರೆ ಎಂಬತ್ತು ದಾಟಿದವರ ಬಾಯಲ್ಲಿ ಇವತ್ತಿನ ಸುಳ್ಳು ನಾಳೆ ನಿಜವಾಗಿಬಿಡಬಹುದು. ಆ ಹಾಡುಗಳು ಇನ್ನು ಯಾರಿಗೂ ಬರುವುದಿಲ್ಲ. ಅವು ಹೋದರೆ ಹೋದವೇ.

ನಾನು ಲಾಗಿನ ಮೇಲೆ ಸಿಟ್ಟು ತೀರಿಸಿಕೊಳ್ಳುವುದನ್ನು ಮುಂದುವರಿಸಿದೆ. ಹತ್ತು ಹನ್ನೆರಡು ದಿನ ಬಡಿದಾಡಿದ ಮೇಲೆ ಕಡತ ತೆಳ್ಳಗಾಯಿತು. ದಿನಕ್ಕೆ ಸಾವಿರ ಸಾಲು ಇದ್ದದ್ದು ಕಣ್ಣಲ್ಲೇ ಓದುವಷ್ಟಾಯಿತು. ಆಗ ಕಣ್ಣಿಗೆ ಬಿದ್ದದ್ದು ಅಡ್ಡಗೆರೆಗಳು. ಎಲ್ಲಿಂದ ಎಂದು ಹೇಳದೆ ಬಂದವರು, ನಾನೇ ಎಣಿಕೆಯಿಂದ ಹೊರಗಿಟ್ಟವರು. ಅವರೂ ಯಂತ್ರಗಳೇ ಇರಬೇಕು, ತಡೆಯೋಣ ಎಂದು ನೋಡಿದರೆ ಕೆಲವು ಹಾಗಿರಲಿಲ್ಲ. ಅವು ಪುಟ ತೆರೆದಿದ್ದವು, ಹಾಡಿನ ಕಡತವನ್ನು ಕೇಳಿ ಪಡೆದಿದ್ದವು, ಹಾಡು ಮುಗಿಯುವಷ್ಟು ಹೊತ್ತು ಬಿಟ್ಟು ಇನ್ನೊಂದು ಹಾಡಿಗೆ ಹೋಗಿದ್ದವು. ಸುದ್ದಗುಂಟೆಪಾಳ್ಯಕ್ಕೆ ಫೋನ್ ಮಾಡಿದೆ. ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದ ಲಿಂಕ್ ಒತ್ತಿ ಬಂದರೆ, ಇಲ್ಲವೇ ವಿಳಾಸ ನೆನಪಿಟ್ಟುಕೊಂಡು ನೇರವಾಗಿ ಬಂದರೆ, ಎಲ್ಲಿಂದ ಎಂಬ ಜಾಗ ಸಾಮಾನ್ಯವಾಗಿ ಖಾಲಿಯೇ ಇರುತ್ತದೆ ಎಂದರು ಅವರು. ಮನುಷ್ಯರು ಬರುವುದು ಹೆಚ್ಚಾಗಿ ಹಾಗೇ ಅಲ್ಲವೇ ಮೇಡಂ ಎಂದೂ ಕೇಳಿದರು.

ನಾನು ಮಾಡಿದ್ದೇನೆಂದರೆ, ಹೊಸ್ತಿಲಲ್ಲಿ ನಿಂತು ಸುಳ್ಳು ಕೂಗಿದವರಿಗೆಲ್ಲ ಮಣೆ ಹಾಕಿ, ಸದ್ದಿಲ್ಲದೆ ಬಂದು ಮೂಲೆಯಲ್ಲಿ ಕೂತು ಹಾಡು ಕೇಳಿದವರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಛತ್ರದಲ್ಲಿ ಕುರ್ಚಿ ದಾಟಿ ಹೋದವಳಿಗೆ ಬೈದ ಬಾಯಿ ನನ್ನದು.

ಅವರು ಬಹಳ ಜನವೇನಲ್ಲ. ದಿನಕ್ಕೆ ಆರೇಳು. ಅವರಲ್ಲಿ ಒಬ್ಬರ ಸಾಲುಗಳು ವಿಚಿತ್ರವಾಗಿದ್ದವು. ದಿನಾ ಬೆಳಿಗ್ಗೆ ಎಂಟರ ಆಸುಪಾಸು, ಒಂದು ಫೋನಿನಿಂದ. ಮೊದಲು ಎಂಬತ್ನಾಲ್ಕನೆಯ ಹಾಡಿನ ಪುಟ ಕೇಳುತ್ತಿದ್ದರು. ಅಂಥ ಪುಟಕ್ಕೆ ನಾನು ಎಲ್ಲಿಯೂ ಲಿಂಕ್ ಕೊಟ್ಟಿಲ್ಲ, ಆ ಪುಟವೇ ಇಲ್ಲ. ವಿಳಾಸದ ಕೊನೆಯ ಮೂರನ್ನು ಕೈಯಾರೆ ಅಳಿಸಿ ನಾಲ್ಕು ಎಂದು ಬರೆದಿರಬೇಕು. ನನ್ನ ಸರ್ವರ್ ಅವರಿಗೆ 404 ಎಂದು ಉತ್ತರ ಕೊಟ್ಟಿತ್ತು. ನೀವು ಕೇಳಿದ್ದು ಇಲ್ಲಿಲ್ಲ ಎಂದು ಅದರ ಅರ್ಥ. ಆಮೇಲೆ ಅವರು ಎಂಬತ್ತಮೂರಕ್ಕೆ ಹಿಂತಿರುಗಿ ಅದನ್ನೇ ಪೂರ್ತಿ ಕೇಳಿ ಹೋಗುತ್ತಿದ್ದರು. ದೊಡ್ಡಮ್ಮ ಹಾಡು ನಿಲ್ಲಿಸಿದ ಮರುದಿನದಿಂದ ಒಂದು ದಿನವೂ ತಪ್ಪದೆ, ಹನ್ನೆರಡು ದಿನ.

ದೊಡ್ಡಮ್ಮ ಹಜಾರದಲ್ಲಿ ಹೂ ಕಟ್ಟುತ್ತಿದ್ದರು. ಲ್ಯಾಪ್‌ಟಾಪ್ ಒಯ್ದು ಪಕ್ಕದಲ್ಲಿ ಕೂತು ಈ ಸಲ ಮೆಲ್ಲಗೆ ಹೇಳಿದೆ. ಒಬ್ಬರು ಬರುತ್ತಿದ್ದಾರೆ, ಯಂತ್ರವಲ್ಲ, ದಿನಾ ನೀವಿನ್ನೂ ಹಾಡದ ಎಂಬತ್ನಾಲ್ಕನೆಯ ಹಾಡು ಬೇಕೆಂದು ಕೇಳುತ್ತಿದ್ದಾರೆ ಎಂದೆ. ಯಾರು ಎಂದು ಕೇಳಿದರು. ಗೊತ್ತಿಲ್ಲ, ಎಲ್ಲಿಂದ ಎಂದು ಹೇಳುವುದಿಲ್ಲ ಎಂದೆ. ಎಷ್ಟು ದಿನದಿಂದ ಎಂದರು. ಹೇಳಿದೆ. ದಾರ ಹಿಡಿದ ಕೈ ನಿಂತಿತು.

“ನೀನೇನು ಹೇಳಿ ಕಳಿಸ್ದೆ?”

“ನಾನೇನೂ ಹೇಳಿಲ್ಲ ದೊಡ್ಡಮ್ಮ. ಸರ್ವರ್ರೇ ಹೇಳತ್ತೆ, ಇಲ್ಲ ಅಂತ.”

ದೊಡ್ಡಮ್ಮನಿಗೆ ಸಿಟ್ಟು ಬಂದದ್ದನ್ನು ನನ್ನ ಜನ್ಮದಲ್ಲಿ ಮೊದಲ ಸಲ ನೋಡಿದೆ. ಮದುವೆ ಮನೆಗಳಲ್ಲಿ ಬಾರದ ಸಿಟ್ಟು, ಯಂತ್ರಗಳ ವಿಷಯ ತಿಳಿದಾಗಲೂ ಬಾರದ ಸಿಟ್ಟು.

“ಹನ್ನೆರಡು ದಿನ. ಬಾಗಿಲಿಗೆ ಬಂದವರನ್ನ ಹನ್ನೆರಡು ದಿನ ಬರಿಗೈಲಿ ಕಳಿಸಿದ್ದೀಯ. ನನಗೊಂದು ಮಾತು ಹೇಳ್ಬಾರ್ದಾಗಿತ್ತಾ? ಯಾವ ಮನೇಲಿ ಕಲಿತೆ ಇದನ್ನ?”

ಕಲಿತದ್ದು ಅವರ ಮನೆಯಲ್ಲೇ.

ಮರುದಿನ ಆರೂವರೆಗೆ ಅವಲಕ್ಕಿ ಡಬ್ಬಿ ಮೇಜಿನ ಮೇಲಿತ್ತು. ಅವರು ಆರಿಸಿಕೊಂಡದ್ದು ನೋಟ್‌ಬುಕ್ಕಿನಲ್ಲಿಲ್ಲದ ಒಂದು ಹಸೆ ಹಾಡು, ನಾನು ಚಿಕ್ಕವಳಿದ್ದಾಗ ಕೇಳಿದ್ದು. ಎರಡನೆಯ ಸಾಲಿನಲ್ಲಿ ದನಿ ಮೇಲೆ ಹೋಗಬೇಕು. ಹೋಗಲಿಲ್ಲ. ಒಡೆಯಿತು. ನಿಲ್ಲಿಸಿ, ನೀರು ಕುಡಿದು, ಶ್ರುತಿ ಇಳಿಸಿಕೊಂಡು ಮತ್ತೆ ಶುರು ಮಾಡಿದರು. ಛತ್ರದ ಅಡುಗೆಮನೆಗೆ ಕೇಳುತ್ತಿದ್ದ ಆ ಮೇಲಿನ ದನಿ ಇನ್ನು ಬರುವುದಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ಇನ್ನೂರ ಹನ್ನೊಂದು ಯಂತ್ರಗಳಿಗೆ ಅದನ್ನು ಖರ್ಚು ಮಾಡಿಸಿದ್ದೆ ನಾನು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ.

ಹೀಗೆ ನಿಂತು ನಿಂತು ಹಾಡಿದ್ದರಿಂದ ಏಳು ಗಂಟೆ ಆಗಿಯೇ ಹೋಯಿತು. ಕೊನೆಯ ನುಡಿಯ ಮಧ್ಯೆ ಕಸದ ಆಟೋ ಬಂತು. ಮತ್ತೊಮ್ಮೆ ಹಾಡಿ ಎನ್ನುವ ಧೈರ್ಯ ನನಗಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಏಳೂವರೆಗೆ ಏರಿಸಿದೆ.

ಒಂಬತ್ತು ಗಂಟೆಗೆ ಲಾಗ್ ತೆರೆದೆ. ಎಂಟು ಗಂಟೆ ನಾಲ್ಕು ನಿಮಿಷಕ್ಕೆ ಒಂದು ಸಾಲು. ಎಲ್ಲಿಂದ ಎಂಬ ಜಾಗದಲ್ಲಿ ಅದೇ ಅಡ್ಡಗೆರೆ. ಕೇಳಿದ ಪುಟ ಎಂಬತ್ನಾಲ್ಕು. ಹದಿಮೂರನೆಯ ದಿನವಾದ್ದರಿಂದ ಅವರು ಮತ್ತೆ ಇಲ್ಲ ಎನಿಸಿಕೊಳ್ಳಲು ತಯಾರಾಗಿಯೇ ಬಂದಿರಬೇಕು. ಸಾಲಿನಲ್ಲಿ 404 ಇರಲಿಲ್ಲ.

ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಜನ ಎಂದು ಕೇಳಲಿಲ್ಲ.

“ಬಂದಿದ್ರಾ?”

“ಬಂದಿದ್ರು.”

“ಪೂರ್ತಿ ಕೇಳಿದ್ರಾ?”

“ಎರಡು ಸಲ. ಕಸದ ಆಟೋ ಸಮೇತ.”

ದೊಡ್ಡಮ್ಮ ತಲೆಯಾಡಿಸಿ, ನಾಳೆಯ ಕಷಾಯಕ್ಕೆ ಮೆಣಸು ಕುಟ್ಟಲು ಒಳಗೆ ಹೋದರು.